ಕಲಾಯಿ ರಾತ್ರಿ

ಎರಡನೇ ಶನಿವಾರ, ರಾತ್ರಿ ಹನ್ನೊಂದೂವರಿ.
ವಿಜಯಪುರದ ದವಾಖಾನಿ ಅರ್ಧ ಕಣ್ಣು ಮುಚ್ಚೇದ.
ಚೀಟಿ ಬರೆಯೋ ಖೋಲಿಯೊಳಗ
ನಾನು, ಒಂದು ಥರ್ಮಾಸು, ಮತ್ತ
ಇನ್ನೂರಾ ನಲವತ್ತೊಂದು ಕಂಪ್ಯೂಟರಿನ ಯಾದಿ.

ಕಾವಲಿನ ಶಿವಶರಣಪ್ಪ ಬಾಗಿಲಿಗೆ ಬಡಗಿ ಆನಿಸಿ ಕೇಳತಾನ:
"ಇವತ್ತೇನು ಹೊಸಾದು ಬಂತ್ರೀ ಅಕ್ಕಾರ?"
"ಹೊಸಾದು ಏನಿಲ್ಲ ಕಾಕಾ. ಇದ್ದ ತೂತು ಮುಚ್ಚೂದು."
"ತೂತಿತ್ತಾ?" ಅಂತ ಅಂವ
ಪರದೆಯ ಹಿಂದ ಬಗ್ಗಿ ನೋಡತಾನ.

ಇತ್ತು. ಮೊದಲಿಂದಲೂ ಇತ್ತು.
ಮಾಡಿದವರಿಗೇ ಮೊನ್ನೆ ಮಂಗಳವಾರ ಗೊತ್ತಾತು,
ಎಲ್ಲೋ ಒಬ್ಬ ಅದರಾಗ ಬೆರಳು ಹಾಕಿ ನೋಡಿದ ಮ್ಯಾಲ.

ಮೂವತ್ತೇಳು ಶೇಕಡಾ.
ದಯವಿಟ್ಟು ಬಂದ್ ಮಾಡಬೇಡಿ.
ಚುಕ್ಕಿಗಳು ಗಾಣದೆತ್ತಿನಂಗ ಸುತ್ತತಾವ.
ಮೂವತ್ತೇಳು.
ಚಹಾ ಆರಿತು.
ಮೂವತ್ತೇಳು.

ನಮ್ಮ ಅಡ್ಡಹೆಸರು ಕಲಾಯಗಾರ.
ಜೋರಾಪುರ ಪೇಟಿಯ ಓಣಿಯೊಳಗ ನೆಲ ತೋಡಿ, ತಿದಿ ಹೂಡಿ,
ಅಬ್ಬಾ ತಾಮ್ರದ ಹೊಟ್ಟಿಗೆ ತವರ ಹಚ್ಚಾಂವ.
ನವಸಾಗರದ ಬಿಳಿ ಹೊಗಿ ಏಳೂದು,
ಅರಳಿಯ ಉಂಡಿ ಒಂದ್ಸಾರಿ ತಿರುಗೂದು,
ಕರ್ರಗಿದ್ದ ಹಂಡೆಯೊಳಗ ಹುಣ್ಣಿಮಿ.
ಹಂಡೆ ಅದ. ಹೊರಗಿನ ತಗ್ಗೂ ಹಂಗ ಅದ.
ಹುಳಿ ಹಾಕಿದ್ರ ಮಾತ್ರ ಇನ್ನ ವಿಷ ಆಗಂಗಿಲ್ಲ.

"ಮುಂದಿನ ಹಬ್ಬಕ್ಕ ನೋಡೂಣು ತಗೋರಿ" ಅನ್ನಾವ್ರು ಮಂದಿ.
ಹಬ್ಬ ಬರೂದು.
ಕಿಲುಬು ಅದಕ್ಕಿಂತ ಮೊದಲ ಬರೂದು.

ಡಯಾಲಿಸಿಸ್ ವಾರ್ಡಿನ ಸಿಸ್ಟರ್ ಸುಲೋಚನಾ
ಏಳು ತಿಂಗಳಿಂದ ಒತ್ತಕೋತ ಬಂದಾರ ಅದ ಗುಂಡಿ:
ಆಮೇಲೆ ನೆನಪಿಸು.
ಬೈಯಾಕ ನನಗ ಬಾಯಿ ಬರೂದಿಲ್ಲ.
ನಾಲ್ಕು ಹಾಸಿಗಿ, ಹನ್ನೊಂದು ಮಂದಿ,
ರಕ್ತ ಹೊರಗ ಬಂದು, ತೊಳಕೊಂಡು, ಒಳಗ ಹೋಗೂ ಹೊತ್ತಿನ್ಯಾಗ
"ನೀ ಹತ್ತು ಮಿನಿಟು ಮಲಗು" ಅಂತ ಯಂತ್ರಕ್ಕ ಅನ್ನಾವ್ರು ಯಾರು?
ಇವತ್ತು ಎರಡೂ ಹತ್ತಕ್ಕ, ಎರಡು ಪಾಳಿ ನಡುವ,
ಬೇಡಿ ಬೇಡಿ ತಗೊಂಡ ಇಪ್ಪತ್ತು ಮಿನಿಟು ಅದಾವ.

ಅಬ್ಬಾ ಎಲ್ಲಾಕ್ಕೂ ಒಮ್ಮೆಲೆ ಹಚ್ಚತಿದ್ದಿಲ್ಲ.
ಗಾಡಿ ತುಂಬ ಪಾತ್ರಿ ಬಂದ್ರೂ ಮೊದಲ ಒಂದು ಸಣ್ಣ ಬಟ್ಟಲ.
ಅದರಾಗ ಮಜ್ಜಿಗಿ ಹೊಯ್ದು ರಾತ್ರಿ ಇಟ್ಟು,
ನಸುಕಿನ್ಯಾಗ ಬೆರಳಿಂದ ಅಂಚು ಸವರಿ,
ಹಸರು ಹತ್ತಿಲ್ಲಂದ್ರ ಉಳಿದದ್ದು.
ನಂದೂ ಒಂದು ಬಟ್ಟಲ ಅದ. ಹಳೇ ಕಡತದ ಖೋಲಿಯ ಕಂಪ್ಯೂಟರ್,
ಕೀಲಿಮಣಿಯೊಳಗ 'ಕ' ಕಿತ್ತು ಹೋಗೇದ.
ಬುಧವಾರ ಅದಕ್ಕ ಹಚ್ಚಿ ಮೂರು ದಿನ ಬಿಟ್ಟೆ.
ಔಷಧದ ಚೀಟಿ ಛಾಪಿಸೂ ಪ್ರಿಂಟರ್ ಮುನಿಸಿಕೊಂಡಿತು.
ಐದರಾಗ ಒಂದು ತೇಪಿ ವಾಪಸ್ ತಗದೆ.
ತಗಿಯೂದೂ ಹಚ್ಚಿದಷ್ಟ ಕೆಲಸ,
ವರದಿಯೊಳಗ ಅದಕ್ಕ ಕಾಲಂ ಇಲ್ಲ.

ಎಕ್ಸ್-ರೇ ಖೋಲಿಯದು ಬ್ಯಾರೆ ಕಥಿ.
ಹದಿನಾರು ವರ್ಷದ್ದು. ಮಾಡಿದ ಕಂಪನಿ
ಅದರ ಹೆಸರು ಎತ್ತೂದ ಬಿಟ್ಟದ.
ತೂತಿನ ಸುದ್ದಿ ಬರತದ, ತೇಪಿ ಬರಂಗಿಲ್ಲ.
ಹೊಸಾದಕ್ಕ ಬರದ ಅರ್ಜಿ ಯಾವುದೋ ಟೇಬಲ್ ಮ್ಯಾಲ
ಪೇಪರ್‌ವೇಟಿನ ಕೆಳಗ ಮಲಗೇದ.
ಜಾಲದ ವಾಯರ್ ಕಿತ್ತು ಅದನ್ನ ಒಂಟಿ ಮಾಡಿದೆ.
ಇನ್ನ ಎಲುವಿನ ಚಿತ್ರ ಕೈಯಾಗ ಹಿಡಕೊಂಡು
ಎರಡು ಅಂತಸ್ತು ಹತ್ತಬೇಕು ಸಂಗನಬಸು,
ಮೊದಲ ಅವಗ ಮೊಣಕಾಲು ನೋವು.

ಎಂಟಕ್ಕ ಸಿಸ್ಟರ್ ಬಂದು ಕುಂತು, ಗುಂಡಿ ಒತ್ತಿ,
ಕಣ್ಣು ಸಣ್ಣ ಮಾಡಿದ್ರು:
"ಗಡಿಯಾರ ಎಡಕ್ಕಿತ್ತಲ್ಲ, ಬಲಕ್ಕ ಯಾಕ ಹೋತು?"
ರಾತ್ರಿಯೆಲ್ಲ ಮಾಡಿದ್ದರಾಗ
ಅವರಿಗೆ ಕಂಡದ್ದು ಅದೊಂದ.

ಮನಿಗೆ ಹೋದ್ರ ಉರುಸಿನ ಎರಡು ದೇಗ ಬಂದಾವ.
ಅಬ್ಬಾ ಒಂದರೊಳಗ ಇಳದು, ಮರಳು ಹಾಕಿ,
ಹಿಮ್ಮಡದಿಂದ ತಿಕ್ಕಲಿಕ್ಕ ಹತ್ಯಾರ. ತಲಿ ಅಷ್ಟ ಕಾಣತದ.
"ಎಷ್ಟು ಪಾತ್ರಿ ಆದವು?"
"ಇನ್ನೂರಾ ನಲವತ್ತು."
"ಒಂದು?"
"ಕಲಾಯಿ ಹತ್ತಂಗಿಲ್ಲ. ತಗಡು ಸವದದ."
ಅವರು ಹೂಂ ಅಂದು, ತಿದಿಯ ಹಿಡಿಕಿ
ಕಾಲಿಲೆ ನನ್ನ ಕಡೆ ಸರಿಸಿದ್ರು,
ಚಪ್ಪಲಿ ಬಿಡಾಕೂ ಬಿಡದ.