ಒಳಬಾಡಿಗೆ

ಗಣೇಶ, ಬಾಳೆಕಂಬ, ಓಲಗದವರು,
ಇವರನ್ನೆಲ್ಲ ಲಗ್ನಪತ್ರಿಕೆಯ ಮೂಲೆಗಳಲ್ಲಿ ಕೂರಿಸಲೆಂದು
ದುರ್ಗಿಗುಡಿಯಲ್ಲಿ ಬಾಗಿಲು ಮುಚ್ಚಿದ ಸ್ಟುಡಿಯೋದಿಂದ
ಕಂತಿನ ಮೇಲೆ ತಂದ ಮ್ಯಾಕ್ ಇದು.
ಎಂಟು ಜಿಬಿ ಮೆಮೊರಿ. ಸೇಬಿನ ಮೇಲೆ
ಹಿಂದಿನವರು ಆಯುಧಪೂಜೆಗೆ ಇಟ್ಟ ಕುಂಕುಮ,
ಉಜ್ಜಿದರೂ ಹೋಗಿಲ್ಲ.

ಹಾಲೇಶಣ್ಣ ಬಂದದ್ದು ಪತ್ರಿಕೆಗಲ್ಲ.
ಚಿಲ್ಲರೆ ಎಣಿಸುವ ಹಾಗೆ ಪೆನ್‌ಡ್ರೈವ್ ಮೇಜಿನ ಮೇಲಿಟ್ಟ.
"ಇದ್ರಾಗೆ ಬಸ್ ಓಡ್ಸೋ ಆಟ ಐತಂತೆ, ನೋಡವ್ವ."
ಇಪ್ಪತ್ತಾರು ವರ್ಷ ಶಿವಮೊಗ್ಗ–ಕುಂದಾಪುರ.
ಈಗ ಎಡಗಣ್ಣಿಗೆ ಸಕ್ಕರೆ ಇಳಿದು
ಮೆಗ್ಗಾನ್ ಆಸ್ಪತ್ರೆಯ ಗೋಡೆಯಲ್ಲಿ
ಕೊನೆಯ ಮೂರು ಸಾಲು ಓದಲಾಗಲಿಲ್ಲ. ಲೈಸೆನ್ಸು ಹೋಯಿತು.

ಆಟ ವಿಂಡೋಸಿನದು. ಮ್ಯಾಕ್ ಅದನ್ನು ಮುಟ್ಟದು,
ಹಾಗಂತ ಹೇಳಿ ಕಳಿಸಬಹುದಿತ್ತು.
ಮೂರು ಸಂಜೆ ಹಿಡಿಯಿತು.
ಯಂತ್ರದೊಳಗೆ ಒಂದು ಸುಳ್ಳು ಯಂತ್ರ ಕಟ್ಟಬೇಕು:
ಇಲ್ಲದ ಡಿಸ್ಕು, ಇಲ್ಲದ ಪರದೆ,
ಇಲ್ಲದ ಗುಂಡಿ ಒತ್ತಿ ಚಾಲೂ ಮಾಡಬೇಕು.
ವಿಂಡೋಸ್ ಬಂದು, ನೆಲ ಬಡಿದು ನೋಡಿ,
ಗಟ್ಟಿಯಿದೆ ಎಂದು ಹಾಸಿಗೆ ಬಿಚ್ಚಿತು.
ತಾನೇ ಯಜಮಾನ ಅಂದುಕೊಂಡಿದೆ, ಪಾಪ.
ಎಷ್ಟು ಮೆಮೊರಿ ಕೊಡಲಿ ಎಂದು ಕೇಳಿದಾಗ
ತಡೆದೆ. ನಾನೂ ಬಾಡಿಗೆಯವಳು,
ಒಂದೇ ನಲ್ಲಿ, ಒಂದೇ ಮೀಟರಿನ ಜಗಳ ಗೊತ್ತಿರುವವಳು.
ನಾಲ್ಕು ಕೊಟ್ಟು ನಾಲ್ಕು ಇಟ್ಟುಕೊಂಡೆ.

ಗುರುವಾರ ಬಂದ. ಖಾಕಿ ಇರಲಿಲ್ಲ.
ಕೂರುವ ಮುನ್ನ ಕುರ್ಚಿಯ ಕಾಲಿಗೆ ಎರಡು ಸಲ ಒದ್ದ,
ಗಾಳಿ ಸರಿಯಿದೆಯಾ ಎಂದು.
ಮ್ಯಾಕಿನ ಫ್ಯಾನು ಎರಡನೇ ಗೇರಿನಲ್ಲಿ ಕೂಗತೊಡಗಿತು.
ಯಾವ ದೇಶವೋ: ರಸ್ತೆಯ ಬಲಕ್ಕೆ ಓಡಿಸಬೇಕು,
ದನವಿಲ್ಲ, ಕೈ ಅಡ್ಡ ಹಾಕುವವರಿಲ್ಲ.
ಮೊದಲ ತಿರುವಿಗೇ ಬಸ್ಸು ಬೇಲಿ ಮುರಿದು ಹುಲ್ಲಿಗೆ ನುಗ್ಗಿತು.
"ಸ್ಟೇರಿಂಗು ತಡವಾಗಿ ಕೇಳ್ತೈತೆ."

ಹೌದಣ್ಣ. ನೀನು ಒತ್ತಿದ್ದನ್ನು
ಇದ್ದ ಯಂತ್ರ ಇಲ್ಲದ ಯಂತ್ರಕ್ಕೆ ಹೇಳಿ,
ಅದು ತಿರುಗಿ ಇದನ್ನೇ ಬೇಡಿ...
ಸೆಟ್ಟಿಂಗಿಗೆ ಕೈಹಾಕಿ ನೆರಳು ತೆಗೆದೆ,
ಮೋಡ ತೆಗೆದೆ, ಮರಗಳ ಎಲೆ ಕಡಿಮೆ ಮಾಡಹೋದೆ.
"ಎಲೆ ಇರ್ಲಿ" ಅಂದ.

ನಾಲ್ಕನೇ ದಿನ ಬಸ್ಸು ಹಾಗೇ ಇತ್ತು, ಅವನು ಬದಲಾಗಿದ್ದ.
ತಿರುವು ಕಾಣುವ ಮೊದಲೇ ತಿರುಗಿಸುತ್ತಿದ್ದ,
ಮಂಜಿನಲ್ಲಿ ಮೈಲಿಗಲ್ಲನ್ನು ನೆನಪಿನಿಂದ ಓದಿದವನು.
ಪರದೆಗೆ ಆಳವಿಲ್ಲ, ಒಂದೇ ಕಣ್ಣು ಸಾಕು.
ನಾನದನ್ನು ಹೇಳಲಿಲ್ಲ.
ಅವನೇ ಎಡಗಣ್ಣು ಮುಚ್ಚಿದ, ತೆರೆದ, ಮುಚ್ಚಿದ.
"ಎರಡೂ ಒಂದೇ" ಎಂದು ನಕ್ಕ.

ಆಮೇಲೊಂದು ಇಳಿಜಾರಿನಲ್ಲಿ
ಸ್ಟಾಪಿಲ್ಲ, ಸಿಗ್ನಲ್ಲಿಲ್ಲ, ಬಸ್ಸು ನಿಂತುಬಿಟ್ಟಿತು.
ಹ್ಯಾಂಗ್ ಆಯಿತೆಂದು ಎದ್ದು ಹೋದೆ.
ಅವನ ಬಲಗೈ ಜೇಬಿನಲ್ಲಿ ಹುಡುಕುತ್ತಿತ್ತು.
ಹುಲಿಕಲ್ ಘಾಟಿಯ ಅಮ್ಮನಿಗೆ ಹಾಕುವ ಎರಡು ರೂಪಾಯಿ
ಕೀಬೋರ್ಡಿನ ಪಕ್ಕ ಇಟ್ಟ.
ಹಿಂದಿನ ಕಾರುಗಳು ಅವರ ಭಾಷೆಯಲ್ಲಿ ಹಾರ್ನ್ ಹೊಡೆಯುತ್ತಿದ್ದವು.
ನಿಧಾನಕ್ಕೆ ಗೇರು ಹಾಕಿದ.

ಅಂಗಡಿ ಮುಚ್ಚುವಾಗ ಸಾಫ್ಟ್‌ವೇರ್ ಕೇಳಿತು:
ಪೂರ್ತಿ ಆರಿಸಲೇ, ಇದ್ದ ಹಾಗೇ ನಿಲ್ಲಿಸಲೇ?
ಇದ್ದ ಹಾಗೇ.
ನಲವತ್ತು ಪ್ರಯಾಣಿಕರು ಅರ್ಧ ತಿರುವಿನಲ್ಲಿ
ಒಂದೇ ಬದಿಗೆ ವಾಲಿಕೊಂಡು
ಡಿಸ್ಕಿನ ಯಾವುದೋ ಮೂಲೆಯಲ್ಲಿ ರಾತ್ರಿ ಕಳೆದರು.

ಬೆಳಿಗ್ಗೆ ಆನವಟ್ಟಿಯಿಂದ ಗಿರಾಕಿ.
ಬಾಳೆಕಂಬ ಒಂಚೂರು ಎಡಕ್ಕೆ ಬರಲಿ ಅಂದರು.
ಮೌಸ್ ಹಿಡಿಯಲು ನಾಣ್ಯ ಅಡ್ಡವಿತ್ತು,
ಅದನ್ನು ಸರಿಸದೆ
ಕೈ ಸುತ್ತು ಹಾಕಿಕೊಂಡು ಹೋಯಿತು.