ಎರಡು ಮಿಲಿಮೀಟರ್ ಆಚೆ

ಶಾರ್ಜಾದ ಹತ್ತನೇ ಇಂಡಸ್ಟ್ರಿಯಲ್ ಏರಿಯಾದಲ್ಲಿ
ಟೈರ್ ಅಂಗಡಿಯ ಮೇಲಿನ ಮಹಡಿ ನಮ್ಮದು.
ಜೂನ್ ಬಂತೆಂದರೆ ಊರಿನ ಏಸಿಗಳೆಲ್ಲ ಒಟ್ಟಿಗೆ ಕೆಮ್ಮುತ್ತವೆ,
ಅವುಗಳ ಹಸಿರು ಬೋರ್ಡುಗಳು
ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ ಬರುತ್ತವೆ,
ಧೂಳು, ಹಲ್ಲಿಯ ಬಾಲ, ಒಮ್ಮೊಮ್ಮೆ ಪಾರಿವಾಳದ ಗರಿ ಸಮೇತ.

ಯಾವುದು ಬದುಕಿದೆ, ಯಾವುದು ಸತ್ತಿದೆ
ತಿಳಿಯಬೇಕಾದರೆ ನಾಡಿ ಹಿಡಿಯಬೇಕು,
ಹದಿನಾರು ಕಡೆ, ಒಂದೇ ಸಲ.
ಅದಕ್ಕೆ ಹದಿನಾರು ಸೂಜಿ,
ಪ್ರತಿ ಸೂಜಿಯ ಹೊಟ್ಟೆಯಲ್ಲೊಂದು ಸ್ಪ್ರಿಂಗು,
ಎಲ್ಲವನ್ನೂ ಹಿಡಿದಿಡುವ ಒಂದು ಕನೆಕ್ಟರು.
ಅದರ ನಕ್ಷೆ ಬರೆಯುವುದು ನನ್ನ ಕೆಲಸ.

ಮೊದಲನೆಯದು ಚೆಂದವಿತ್ತು.
ಎಂಟು ತಿರುಪು, ನಾಲ್ಕು ವಾಷರು,
ಜೋಡಿಸುವ ಬಗೆ ಹೇಳಲು ಐದು ಪುಟ,
ಅದೂ ಮೊತಲೆಬ್ ಭಾಯಿಗೆ ಓದಲು ಬಾರದ ಭಾಷೆಯಲ್ಲಿ.
ಪರದೆಯ ಮೇಲೆ ತಿರುಗಿಸಿ ತಿರುಗಿಸಿ ನೋಡಿದೆ,
ಹೊಸ ಬಳೆ ತೊಟ್ಟ ಕೈ ನೋಡಿಕೊಂಡಂತೆ.

ಅವನು ಅದನ್ನು ತಲೆಕೆಳಗಾಗಿ ಕೂರಿಸಿದ.
ಎರಡೂ ಕಡೆಯಿಂದ ಕೂರುತ್ತಿತ್ತು, ಕೂರಿಸಿದ.
ಐದು ವೋಲ್ಟಿನ ದಾರಿಯಲ್ಲಿ ಇಪ್ಪತ್ನಾಲ್ಕು ನುಗ್ಗಿ
ಚಿಟಿಕೆ ಹೊಗೆ,
ಗೇರುಬೀಜದ ಸಿಪ್ಪೆ ಸುಟ್ಟ ವಾಸನೆ.
ಗಮಾಲ್ ಸಾಹೇಬರು ಬೋರ್ಡಿನ ಬೆಲೆಯನ್ನು
ಅವನ ಸಂಬಳದ ಕೆಳಗೆ ಕೆಂಪು ಶಾಯಿಯಲ್ಲಿ ಬರೆದರು.
ಕೈ ತಪ್ಪಿತು, ಎಂದರು.
ತಪ್ಪಿದ್ದು ತೂತು, ಎಂದೆ ನಾನು,
ತುಸು ತಡವಾಗಿ, ಅವರು ಬಾಗಿಲು ದಾಟಿದ ಮೇಲೆ.

ನಮ್ಮಮ್ಮ ಬೀಡಿ ಕಟ್ಟಿದವಳು.
ಎಲೆ ಕತ್ತರಿಸಲು ಅವಳ ಬಳಿ ತಗಡಿನ ತುಂಡೊಂದಿತ್ತು,
ಅಂಚು ಸವೆದು ಹೊಳೆಯುತ್ತಿತ್ತು.
ಕರೆಂಟು ಹೋದರೂ ಕತ್ತರಿ ನಿಲ್ಲುತ್ತಿರಲಿಲ್ಲ.
ತಗಡಿಗೆ ಗೊತ್ತಲ್ಲ ಅಳತೆ, ನನಗ್ಯಾಕೆ ಲೆಕ್ಕ, ಅನ್ನುತ್ತಿದ್ದಳು.
ಡಿಪ್ಲೊಮಾದ ಯಾವ ಪಾಠದಲ್ಲೂ ಆ ತಗಡು ಇರಲಿಲ್ಲ.

ರಾತ್ರಿ, ಕೆಳಗೆ ಯಾರೋ ಲಾರಿಗೆ ಗಾಳಿ ತುಂಬುತ್ತಿರಲು,
ಒಂದೊಂದೇ ತಿರುಪು ತೆಗೆದೆ.
ಎಂಟು. ಆರು. ಎರಡು.
ಕೊನೆಯ ಎರಡು ಹೋಗಲು ಎರಡು ವಾರ ಹಿಡಿಯಿತು.
ಅಚ್ಚು ಬೇಡ, ಡಬ್ಬಿ ಬೇಡ,
ಬೋರ್ಡನ್ನು ಹಿಡಿಯಲು ಬೋರ್ಡೇ ಸಾಕು:
ಮೂರು ಚಪ್ಪಟೆ ತುಂಡು, ನಡುವೆ ಸೂಜಿಗಳ ಸಾಲು,
ಒಂದರ ನಾಲಿಗೆ ಇನ್ನೊಂದರ ಸೀಳಿಗೆ.

ಆಗ ಕಂಡದ್ದು:
ಹಸಿರು ಬೋರ್ಡಿನ ಒಂದು ಮೂಲೆಯ ತೂತು
ಉಳಿದವುಗಳ ಸಾಲಿನಿಂದ ಎರಡು ಮಿಲಿಮೀಟರ್ ಆಚೆಗಿದೆ.
ಮಾಡಿದವರು ಯಾಕೆ ಹಾಗೆ ಕೊರೆದರೋ.
ನನ್ನ ಗೂಟವನ್ನೂ ಅಷ್ಟೇ ಆಚೆ ಸರಿಸಿದೆ.
ಈಗ ತಿರುವುಮುರುವಾಗಿ ಇಟ್ಟರೆ ಅದು ಕೂರುವುದಿಲ್ಲ,
ಸ್ನಾನಕ್ಕೆ ಕರೆದ ಮಗುವಿನ ಹಾಗೆ ಸೆಟೆದು ನಿಲ್ಲುತ್ತದೆ.

ಮೊತಲೆಬ್ ಕನ್ನಡಕ ತೆಗೆದಿಟ್ಟು ಜೋಡಿಸಿದ.
ಟಿಕ್.
ಬೇಕೆಂದೇ ತಪ್ಪು ಮಾಡಲು ನೋಡಿದ, ಆಗಲಿಲ್ಲ,
ನಕ್ಕ. ಮುಂದಿನ ಹಲ್ಲೊಂದು ಇಲ್ಲದ್ದು
ಅವತ್ತೇ ನನ್ನ ಕಣ್ಣಿಗೆ ಬಿದ್ದದ್ದು.
ಸಂಜೆಯೊಳಗೆ ನಲವತ್ತು ಮುಗಿಸಿದ.

ಇಷ್ಟು ಸುಲಭವೆ, ಎಂದರು ಗಮಾಲ್ ಸಾಹೇಬರು.
ಮರುವಾರ ಹೊಸ ಹುಡುಗ ಬಂದ, ಅರ್ಧ ಸಂಬಳಕ್ಕೆ.
ಕಲಿಸಿದವನು ಮೊತಲೆಬನೇ,
ಚಹಾ ಆರುವುದರೊಳಗೆ ಪಾಠ ಮುಗಿಯಿತು.
ಕೆಂಪು ಶಾಯಿಯ ಸಾಲು ಹಾಗೇ ಉಳಿಯಿತು.
ಹನ್ನೊಂದು ವರ್ಷ ಬೆಂಚಿನ ಹಿಂದೆ ಕೂತವನನ್ನು
ತಾರಸಿಗಳಿಗೆ ಕಳಿಸಿದರು, ಬೋರ್ಡು ಬದಲಿಸಲು.

ಮೊನ್ನೆ ಫೋನು. ಹಿಂದೆ ಫ್ಯಾನುಗಳ ಗದ್ದಲ.
ಬಯ್ಯುವನೇನೋ ಅಂದುಕೊಂಡೆ.
ಮೇಡಂ, ಇಲ್ಲಿ ಬೆವರು ಕಣ್ಣಿಗೆ ಇಳಿಯುತ್ತದೆ,
ವೈರು ಕೆಂಪೋ ಕಂದೋ ತಿಳಿಯುವುದಿಲ್ಲ,
ತಗಡು ಮುಟ್ಟಿದರೆ ಗುಳ್ಳೆ.
ಇಲ್ಲಿಗೂ ಒಂದು ಮಾಡಿ,
ಒಂದೇ ಕಡೆಯಿಂದ ಕೂರುವಂಥದು.

ಹಾಳೆ ತೆಗೆದೆ.
ನಿನ್ನ ಹೆಬ್ಬೆರಳಿನ ಅಗಲ ಎಷ್ಟು, ಕೇಳಿದೆ.
ಅಳೆಯಲು ಅವನ ಬಳಿ ಏನೂ ಇರಲಿಲ್ಲ.
ಜೇಬು ತಡಕಿ, ನಾಣ್ಯವೊಂದರ ಮೇಲೆ ಬೆರಳಿಟ್ಟು ನೋಡಿ
ಹೇಳಿದ:
ಒಂದು ದಿರ್ಹಮಿಗಿಂತ ತುಸು ಕಮ್ಮಿ.