ಪಾದ ತಿರುವಿದ ಮ್ಯಾಲೆ

ಕಟ್ಟುಹಲ್ಲು ಮಾಡೂದು ನನ್ನ ಕಸುಬು.
ಗದಗಿನ ಟಾಂಗಾಕೂಟದ ಹಿಂದ, ಝೆರಾಕ್ಸ್ ಅಂಗಡಿ ಮ್ಯಾಲೆ
ಆರಕ್ಕ ಎಂಟರ ಖೋಲಿ.
ಅಲ್ಲಿಗೇ ಬಂದ್ಲು ಅಕ್ಕನ ಮಗಳು ಪ್ರತೀಕ್ಷಾ:
ಸಾಲ್ಯಾಗ ಹ್ಯಾಲೋವೀನ್ ಅಂತ ಮಾಮಾ,
ಅಂಜಿಕಿ ಬರೂ ಹಂಗ ಏನರ ಮಾಡಿಕೊಡು.
ಅದ್ಯಾರ ಹಬ್ಬ? ದೆವ್ವದ್ದು.
ಹೋಳಿಗಿ ಮಾಡ್ತಾರೇನು?
ಇಲ್ಲ, ಚಾಕಲೇಟ್.

ಬಿಸ್ಕಿಟ್ ಡಬ್ಬಿ ಸುರವಿದ್ಲು. ಅವರಣ್ಣನ ಹಳೇ ಮಂದಿ:
ಒಂದ ಕೈಯಿನ ಸಿಪಾಯಿ,
ನಾಯಿ ಹಲ್ಲಿನ ಗುರುತು ಎದಿಮ್ಯಾಗ ಹೊತ್ತ ಕುಸ್ತಿಪಟು,
ರೆಕ್ಕಿ ಕಳಕೊಂಡ ಹಾರೂ ವೀರ,
ರುಂಡ ಇಲ್ಲದಾಂವ ಒಬ್ಬ. ರುಂಡ ಒಂದು ಬ್ಯಾರೆ ಇತ್ತು,
ಅದು ಅವಂದಲ್ಲ.
ಒಂದು ಕಾಲಕ್ಕ ಇವರೆಲ್ಲಾ ಸೇರಿ
ಬಚ್ಚಲದ ಹಂಡೆ ಹಿಂದ ನಿಂತು
ಜಗತ್ತು ಉಳಿಸಿದವರು.

ಗುಲಾಬಿ ಪುಡಿ ಕಲಸಿ ಒಸಡು ಮಾಡಿದೆ,
ಯಾರ್ಯಾರದೋ ಸೆಟ್ಟಿನ್ಯಾಗ ಉಳಿದ ಕ್ವಾರಿಹಲ್ಲು ಕೂಡಿಸಿದೆ.
ಮೇಣ ಕಾಸಿ ಗಾಯ.
ಅಕ್ಕನ ನೇಲ್ ಪಾಲಿಶ್, ರಕ್ತ.
ಸಿಪಾಯಿ ಎಂಟೂ ಹಲ್ಲು ಬಿಟ್ಟು ನಕ್ಕ.
ಅಂಜಿಕಿ ಬರಲಿಲ್ಲ. ರಿಟೈರಾದ ಮಾಸ್ತರೊಬ್ರು
ಹೊಸಾ ಸೆಟ್ ಹಾಕ್ಕೊಂಡು ಕನ್ನಡಿ ನೋಡಿಧಂಗ ಇತ್ತು.

ಊಟದ ಡಬ್ಬಿ ತಂದ ಅವ್ವ ಚಷ್ಮಾ ಒರಿಸಿದ್ಲು:
ಹಲ್ಲಿಂದೇನ ಆಗ್ತೈತೋ?
ದೆವ್ವ ಅಂದ್ರ ಪಾದ ನೋಡಬೇಕು.
ರೊಟ್ಟಿ ಬಡಿಯೂ ಕೈ ಅದು.
ಸಿಪಾಯಿ ತೊಡಿ ಹಿಡದು, ಕಟಕ್,
ತಿರುವಿಬಿಟ್ಲು.
ಹಿಮ್ಮಡ ಮುಂದ. ಬಟ್ಟು ಹಿಂದ.

ಯಾರೂ ಮಾತಾಡಲಿಲ್ಲ.
ಕೆಳಗ ಝೆರಾಕ್ಸ್ ಮಷೀನಿನ ಬೆಳಕು
ಮೆಟ್ಟಲ ಏರಿ ಬಂದು, ಇಳಿದು ಹೋತು.
ನೀ ನೋಡೀಯೇನ ಆಯಿ, ಖರೇನ?
ಅಂದ್ಲು ಹುಡುಗಿ, ಸಣ್ಣ ದನಿಲೆ.
ಅವ್ವ ಕಿಟಕಿ ಕಡೆ ಒಂದು ಸಲ ನೋಡಿದ್ಲು.
ಬದನಿಕಾಯಿ ಆರತೈತಿ, ಮೊದಲ ಉಣ್ಣು.

ಸಾಲ್ಯಾಗ ಕ್ಯೂಟ್ ಅಂದ್ರಂತ.
ಹಣಿಮ್ಯಾಲೆ ಬಂಗಾರದ ಚುಕ್ಕಿ ಅಂಟಿಸಿಕೊಂಡು
ವಾಪಸ್ ಬಂದ ಸಿಪಾಯಿ.

ಎದುರಿನ ಮಾಳಿಗಿ ಕಟ್ಟೂ ಗೌಂಡಿ ಮಕ್ತುಮಸಾಬ ಕೇಳಿದ:
ಬೂದಗುಂಬಳಕ್ಕ ನೂರಾ ಇಪ್ಪತ್ತ ಅಂತಾರ,
ಇಂವನ್ನರ ಕೊಡ್ರಿ ಡಾಕ್ಟ್ರ, ದೃಷ್ಟಿಗೆ.
ನಾ ಡಾಕ್ಟರ್ ಅಲ್ಲ ಅಂತ ಇಪ್ಪತ್ತ ವರ್ಷ ಹೇಳೇನಿ.
ಕೊಟ್ಟೆ.

ಈಗ ಎರಡನೇ ಮಜಲಿನ ಬಿದಿರಿಗೆ,
ಹರಕ ಚಪ್ಪಲಿ ಬಾಜೂಕ, ತಂತಿಲೆ ನಿಂತಾನ.
ಮಾರಿ ರಸ್ತೆ ಕಡೆ,
ಪಾದ ಒಳಗ, ಇನ್ನೂ ಕದ ಹಚ್ಚದ ಮನಿ ಕಡೆ.
ಗಾಳಿ ಬಿಟ್ಟಾಗ
ನಮ್ಮನ್ನ ನೋಡಕೋತ ದೂರ ಹೋಗ್ತಾನ.

ನಿನ್ನೆ ಸಂಜಿಮುಂದ ಸೈಕಲ್ ನಿಲ್ಲಿಸಿದ ವಿನೀತ,
ಮೀಸಿ ಚಿಗಿಯೂ ವಯಸ್ಸು,
ಒಂದು ಕಾಲು ನೆಲಕ್ಕ, ಕುತ್ತಿಗಿ ಮ್ಯಾಲೆ.
ಭಾಳ ಹೊತ್ತು.
ತಂಗಿಗೆ ಬೈತಾನ ಅಂತ ತಿಳಿದಿದ್ದೆ.
ಬೈಲಿಲ್ಲ.
ಮಾಮಾ, ಅವನ ಇನ್ನೊಂದು ಕೈ ಅಂದ,
ನನ್ನ ಕಂಪಾಸ್ ಡಬ್ಬ್ಯಾಗ ಐತಿ.